ರಬಕವಿ–ಬನಹಟ್ಟಿಯ ನಡುವೆ ಇದ್ದ ಗಡಿ: ರಾಜ್ಯದ ಎಲ್ಲೆಯನ್ನು ಯಾರು, ಹೇಗೆ ಗುರುತಿಸುತ್ತಾರೆ?

ಬಾಗಲಕೋಟೆ ಜಿಲ್ಲೆಯ ರಬಕವಿ ಮತ್ತು ಬನಹಟ್ಟಿ ಇಂದು ಒಂದೇ ನಗರಸಭೆಗೆ ಸೇರಿದ ಅವಳಿ ಊರುಗಳು. ಎರಡೂ ನೇಕಾರರ ಊರುಗಳು. ಎರಡರ ಮಾತು, ಕಸುಬು, ಸಂತೆ, ನೆಂಟಸ್ತಿಕೆ ಎಲ್ಲವೂ ಒಂದರೊಳಗೊಂದು ಬೆರೆತಿವೆ. ಆದರೂ 1947ರಲ್ಲಿ ರಬಕವಿ ಇದ್ದದ್ದು ಸಾಂಗ್ಲಿ ಸಂಸ್ಥಾನದಲ್ಲಿ, ಬನಹಟ್ಟಿ ಇದ್ದದ್ದು ಜಮಖಂಡಿ ಸಂಸ್ಥಾನದಲ್ಲಿ. ಅಲ್ಲಿಂದ ಸ್ವಲ್ಪವೇ ದೂರದ ಮಹಾಲಿಂಗಪುರ ಮುಧೋಳ ಸಂಸ್ಥಾನದ್ದಾಗಿತ್ತು, ತೇರದಾಳ ಮತ್ತೆ ಸಾಂಗ್ಲಿಯದಾಗಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ಮಾತ್ರ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಬೆಳಗಾವಿ ನಗರದ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಊರು ಮತ್ತು ಕೋಟೆ ಬ್ರಿಟಿಷರ ಆಳ್ವಿಕೆಯಲ್ಲಿದ್ದರೆ, ಇಂದು ನಗರದ ಒಂದು ಬಡಾವಣೆಯೇ ಆಗಿರುವ ಶಹಾಪುರ ಸಾಂಗ್ಲಿಯ ಅರಸರಿಗೆ ಸೇರಿತ್ತು.

ಈ ಗಡಿಗಳನ್ನು ಹಾಕಿದವರು ಯಾರು, ಅಳಿಸಿದವರು ಯಾರು, ಮತ್ತೆ ಹೊಸದಾಗಿ ಹಾಕುವ ಅಧಿಕಾರ ಈಗ ಯಾರಿಗಿದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಪಠ್ಯಪುಸ್ತಕದಲ್ಲಿ ಬೇರೆಬೇರೆ ಅಧ್ಯಾಯಗಳಲ್ಲಿ ಬರುವ ಇತಿಹಾಸ ಮತ್ತು ಪೌರನೀತಿ ಒಂದೇ ಕಥೆಯಾಗಿ ಕೂಡಿಕೊಳ್ಳುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ವಿದ್ಯಾರ್ಥಿಗಳಿಗಂತೂ ಈ ಕಥೆಯ ಪಾತ್ರಧಾರಿಗಳೆಲ್ಲ ಪರಿಚಿತ ಊರುಗಳೇ.

ಹದಿನೆಂಟನೆಯ ಶತಮಾನದಲ್ಲಿ ಪೇಶ್ವೆಯರು ತಮ್ಮ ಸರದಾರರಿಗೆ ಸೈನ್ಯವನ್ನು ಸಾಕಲೆಂದು ಊರುಗಳನ್ನು ಜಹಗೀರಾಗಿ ಕೊಡುತ್ತಿದ್ದರು. ಹಾಗೆ ಪ್ರಬಲವಾದ ಮನೆತನಗಳಲ್ಲಿ ಪಟವರ್ಧನರದೂ ಒಂದು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ನೀರಾವರಿಯಲ್ಲೂ ಒಂದು ತುಂಡು, ಎರೆಯಲ್ಲೂ ಒಂದು ತುಂಡು ಎಂದು ಪಾಲು ಮಾಡಿಕೊಳ್ಳುವುದುಂಟಲ್ಲವೆ? ಈ ಮನೆತನದ ದಾಯಾದಿಗಳು ಮಿರಜ, ಸಾಂಗ್ಲಿ, ಜಮಖಂಡಿ, ಕುರುಂದವಾಡ ಎಂದು ಕವಲೊಡೆದಾಗ ಊರುಗಳೂ ಹಾಗೆಯೇ ಚದುರಿ ಹಂಚಿಹೋದವು. ಜಮಖಂಡಿಯ ಅರಸರಿಗೆ ಹುಬ್ಬಳ್ಳಿಯ ಆಚೆಗಿನ ಕುಂದಗೋಳ ಸೇರಿದ್ದೂ, ಸಾಂಗ್ಲಿಯವರಿಗೆ ಬೆಳಗಾವಿಯ ಮಗ್ಗುಲಿನ ಶಹಾಪುರ ಸೇರಿದ್ದೂ ಹೀಗೆ. ಅಲ್ಲಿ ವಾಸಿಸುವವರು ಯಾವ ಭಾಷೆಯವರು, ಅವರಿಗೆ ಯಾವ ಊರು ಹತ್ತಿರ, ಅವರ ಇಚ್ಛೆ ಏನು ಎಂಬುದು ಈ ಹಂಚಿಕೆಯಲ್ಲಿ ಲೆಕ್ಕಕ್ಕೆ ಬರಲಿಲ್ಲ.

1818ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪೇಶ್ವೆಯನ್ನು ಸೋಲಿಸಿತು. ಅದೇ ವರ್ಷ ಥಾಮಸ್ ಮನ್ರೋ ಬಾದಾಮಿ ಮತ್ತು ಬೆಳಗಾವಿಯ ಕೋಟೆಗಳನ್ನು ಗೆದ್ದುಕೊಂಡನು. ಗೆದ್ದ ನಾಡಿನ ಒಂದು ಭಾಗವನ್ನು ಕಂಪನಿ ತಾನೇ ಇಟ್ಟುಕೊಂಡಿತು. ತನಗೆ ಒಪ್ಪಿ ನಡೆದ ಸರದಾರರನ್ನು ಅವರವರ ಸಂಸ್ಥಾನದಲ್ಲಿ ಉಳಿಸಿತು. ಬಿಜಾಪುರದ ಪ್ರದೇಶವನ್ನು ಸಾತಾರೆಯ ರಾಜನಿಗೆ ಕೊಟ್ಟಿತು. 1848ರಲ್ಲಿ ಸಾತಾರೆಯ ಅರಸನು ಔರಸ ಪುತ್ರನಿಲ್ಲದೆ ತೀರಿಕೊಂಡಾಗ ಲಾರ್ಡ್ ಡಾಲ್‌ಹೌಸಿ ದತ್ತು ಸ್ವೀಕಾರವನ್ನು ಒಪ್ಪದೆ ಆ ರಾಜ್ಯವನ್ನೇ ವಶಪಡಿಸಿಕೊಂಡನು, ಅದರೊಂದಿಗೆ ಬಿಜಾಪುರವೂ ಕಂಪನಿಯ ಪಾಲಾಯಿತು. ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಗೆ ಬಲಿಯಾದ ಮೊದಲ ರಾಜ್ಯ ಸಾತಾರೆ ಎಂದು ಪುಸ್ತಕಗಳು ಹೇಳುತ್ತವೆ. ಡಾಲ್‌ಹೌಸಿಯ ಕಾಲಕ್ಕೆ ಅದು ಸರಿ. ಆದರೆ ಅದೇ ತಕರಾರನ್ನು ಕಂಪನಿ ಅದಕ್ಕೂ ಇಪ್ಪತ್ತನಾಲ್ಕು ವರ್ಷ ಮೊದಲೇ ನಮ್ಮ ಕಿತ್ತೂರಿನಲ್ಲಿ ತೆಗೆದಿತ್ತು.

ಕಿತ್ತೂರಿನ ಘಟನೆಯನ್ನು ಶೌರ್ಯದ ಕಥೆಯಾಗಿ ನಾವೆಲ್ಲ ಬಲ್ಲೆವು. ಅದರೊಳಗಿನ ಕಾನೂನಿನ ಪ್ರಶ್ನೆಯನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜರು ಮಕ್ಕಳಿಲ್ಲದೆ ತೀರಿಕೊಂಡರು. ದತ್ತು ತೆಗೆದುಕೊಂಡ ಹುಡುಗನನ್ನು ಉತ್ತರಾಧಿಕಾರಿ ಎಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದನು ಮತ್ತು ಸಂಸ್ಥಾನದ ಖಜಾನೆಯನ್ನು ವಶಕ್ಕೆ ಪಡೆಯಲು ಮುಂದಾದನು. ಗಾದಿಯ ಮೇಲೆ ಯಾರು ಕೂಡಬೇಕು ಎಂದು ತೀರ್ಮಾನಿಸುವ ಹಕ್ಕು ಮನೆತನದ್ದೋ, ಅಲ್ಲಿನ ಜನರ ಸಂಪ್ರದಾಯದ್ದೋ, ದೂರದ ಕಂಪನಿಯದೋ? ಈ ವಿವಾದವನ್ನು ಒಯ್ಯಲು ಇಬ್ಬರಿಗೂ ಹೊರತಾದ ನ್ಯಾಯಾಲಯ ಇರಲಿಲ್ಲ. ಅರ್ಜಿಯನ್ನು ಕೇಳುವವನೂ, ತೀರ್ಪು ಕೊಡುವವನೂ, ಅದನ್ನು ಬಂದೂಕಿನಿಂದ ಜಾರಿಗೊಳಿಸುವವನೂ ಕಂಪನಿಯ ಅಧಿಕಾರಿಯೇ ಆಗಿದ್ದನು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮರಳಿ ಬಂದು ಕೋಟೆಯನ್ನು ಗೆದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಕಿತ್ತೂರು ಸಂಸ್ಥಾನ ನಕ್ಷೆಯಿಂದ ಮರೆಯಾಯಿತು.

ಹಾಗಾದರೆ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗ್ಲಿಗಳು ಏಕೆ ಉಳಿದವು? ಉತ್ತರ 1857ರ ದಂಗೆಯಲ್ಲಿದೆ. ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂಬ ಹೊಸ ಕಾನೂನನ್ನು ಧಿಕ್ಕರಿಸಿ ಆ ವರ್ಷ ಹಲಗಲಿಯ ಬೇಡರು ಬಂಡೆದ್ದರು. ಹಲಗಲಿ ಮುಧೋಳದ ಅರಸರ ಸೀಮೆಯ ಹಳ್ಳಿ. ಆದರೂ ಅಲ್ಲಿಗೆ ನುಗ್ಗಿ ಬಂಡಾಯವನ್ನು ಅಡಗಿಸಿದ್ದು ಬ್ರಿಟಿಷರ ಪಡೆ. ಸಂಸ್ಥಾನಿಕರ ಸ್ವಾತಂತ್ರ್ಯ ಎಷ್ಟರಮಟ್ಟಿನದು ಎಂಬುದು ಇದರಿಂದಲೇ ತಿಳಿಯುತ್ತದೆ. ದೇಶದಾದ್ಯಂತ ನಡೆದ ದಂಗೆಯಿಂದ ಬೆದರಿದ ಬ್ರಿಟಿಷ್ ಸರ್ಕಾರ 1858ರಲ್ಲಿ ಆಡಳಿತವನ್ನು ಕಂಪನಿಯಿಂದ ಕಿತ್ತುಕೊಂಡು, ಇನ್ನು ಮುಂದೆ ಸಂಸ್ಥಾನಗಳನ್ನು ಕಬಳಿಸುವುದಿಲ್ಲವೆಂದು ರಾಣಿಯ ಘೋಷಣೆಯ ಮೂಲಕ ಭರವಸೆ ಕೊಟ್ಟಿತು. ಆ ಭರವಸೆಯಿಂದಾಗಿ ಅಂದಿನ ತುಂಡು ಗಡಿಗಳು ಹೆಚ್ಚುಕಡಿಮೆ ಹಾಗೆಯೇ ಗಟ್ಟಿಯಾಗಿ, ತೊಂಬತ್ತು ವರ್ಷ ಉಳಿದವು.

ಆ ತೊಂಬತ್ತು ವರ್ಷ ನಮ್ಮ ಭಾಗದಲ್ಲಿ ಎರಡು ಬಗೆಯ ಆಡಳಿತ ನಡೆಯಿತು. ಬ್ರಿಟಿಷ್ ಜಿಲ್ಲೆಗಳಲ್ಲಿ ಮುಂಬಯಿ ಪ್ರಾಂತ್ಯದ ಕಾನೂನು, ಕಲೆಕ್ಟರ್, ಮಾಮಲೇದಾರ. ಸಂಸ್ಥಾನಗಳಲ್ಲಿ ಅರಸನ ಕಚೇರಿ, ಅರಸನ ಪೊಲೀಸು, ಅರಸನ ಆಜ್ಞೆ. ಒಳ್ಳೆಯ ಅರಸನಿದ್ದರೆ ಶಾಲೆ, ಕೆರೆ ಆಗುತ್ತಿದ್ದವು. ಇಲ್ಲದಿದ್ದರೆ ಕೇಳುವ ದಾರಿ ಇರಲಿಲ್ಲ. ರಾಮದುರ್ಗದಲ್ಲಿ ತೆರಿಗೆಯ ಭಾರ ಮತ್ತು ದಬ್ಬಾಳಿಕೆಯ ವಿರುದ್ಧ ಹುಟ್ಟಿದ ಪ್ರಜಾ ಚಳವಳಿ 1939ರಲ್ಲಿ ಜೀವಹಾನಿಯವರೆಗೆ ಹೋಯಿತು. ಅದೇ ವರ್ಷ ಇದಕ್ಕೆ ತೀರ ವಿರುದ್ಧವಾದ ಪ್ರಯೋಗವೊಂದು ನಡೆಯಿತು. ಬಿಜಾಪುರ ಜಿಲ್ಲೆಯ ನಡುವೆ ಇದ್ದ ಗುಣದಾಳ, ದೂರದ ಔಂಧ್ ಎಂಬ ಸಣ್ಣ ಸಂಸ್ಥಾನಕ್ಕೆ ಸೇರಿತ್ತು. ಔಂಧ್‌ನ ಅರಸರು ಗಾಂಧೀಜಿಯವರ ಸಲಹೆಯಂತೆ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡುವ, ಗ್ರಾಮ ಪಂಚಾಯಿತಿಯನ್ನೇ ಆಡಳಿತದ ಬುನಾದಿಯಾಗಿಸುವ ಸಂವಿಧಾನವೊಂದನ್ನು 1939ರಲ್ಲಿ ಜಾರಿಗೆ ತಂದರು. ಪಂಚಾಯಿತಿ ವ್ಯವಸ್ಥೆಯ ಪಾಠ ಓದುವಾಗ ನಮ್ಮ ಜಿಲ್ಲೆಯ ಈ ಹೆಸರು ಕೇಳಿಬರಬೇಕೆಂಬುದು ನನ್ನ ಆಸೆ.

ಚದುರಿದ ಕನ್ನಡ ಪ್ರದೇಶಗಳು ಒಂದಾಗಬೇಕೆಂಬ ಮಾತಿಗೆ ದೊಡ್ಡ ವೇದಿಕೆ ದೊರೆತದ್ದು ಬೆಳಗಾವಿಯಲ್ಲಿಯೇ. 1924ರ ಡಿಸೆಂಬರಿನಲ್ಲಿ ಇಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಬಂದ ಜನರಿಗೆ ನೀರೊದಗಿಸಲು ತೋಡಿದ ಬಾವಿಯನ್ನು ಟಿಳಕವಾಡಿಯಲ್ಲಿ ಇಂದಿಗೂ ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ನಡೆಯಿತು. ಕಾಂಗ್ರೆಸ್ಸು 1920ರ ನಾಗಪುರ ಅಧಿವೇಶನದಲ್ಲಿಯೇ ತನ್ನ ಪ್ರಾಂತೀಯ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಲು ಒಪ್ಪಿತ್ತು. ಸರ್ಕಾರದ ನಕ್ಷೆ ಬದಲಾಗುವುದಕ್ಕೆ ಮೂರು ದಶಕ ಮೊದಲೇ ಚಳವಳಿಯ ನಕ್ಷೆ ಹೀಗೆ ಬದಲಾಗಿತ್ತು.

1947ರಲ್ಲಿ ಬ್ರಿಟಿಷರು ಹೊರಟಾಗ ಸಂಸ್ಥಾನಗಳ ಮೇಲಿದ್ದ ಅವರ ಪರಮಾಧಿಕಾರವೂ ಕೊನೆಗೊಂಡಿತು. ಆಗ ದೇಶದಲ್ಲಿ 560ಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ಸರದಾರ್ ವಲ್ಲಭಭಾಯಿ ಪಟೇಲ್ ಮತ್ತು ಅವರ ಕಾರ್ಯದರ್ಶಿ ವಿ. ಪಿ. ಮೆನನ್ ಈ ಕೆಲಸವನ್ನು ಎರಡು ಹಂತಗಳಲ್ಲಿ ಮಾಡಿದರು. ವಿದ್ಯಾರ್ಥಿಗಳು ಈ ಎರಡನ್ನೂ ಒಂದೇ ಎಂದು ತಿಳಿಯುವುದುಂಟು. ಮೊದಲನೆಯದು ಸೇರ್ಪಡೆ: ರಕ್ಷಣೆ, ವಿದೇಶಾಂಗ ವ್ಯವಹಾರ ಮತ್ತು ಸಂಪರ್ಕ ಎಂಬ ಮೂರು ವಿಷಯಗಳನ್ನು ಮಾತ್ರ ಭಾರತಕ್ಕೆ ಒಪ್ಪಿಸಿ ಅರಸನು ಸಹಿ ಹಾಕುತ್ತಿದ್ದನು, ಉಳಿದ ಆಡಳಿತ ಅವನ ಕೈಯಲ್ಲೇ ಇರುತ್ತಿತ್ತು. ಎರಡನೆಯದು ವಿಲೀನ: ಆಗ ಅರಸನ ಆಡಳಿತವೇ ಕೊನೆಗೊಂಡು, ಅವನ ಊರುಗಳು ಪಕ್ಕದ ಪ್ರಾಂತ್ಯದ ಭಾಗವಾಗುತ್ತಿದ್ದವು. ಜಮಖಂಡಿ, ಮುಧೋಳ, ಸಾಂಗ್ಲಿ, ರಾಮದುರ್ಗ ಮುಂತಾದ ದಖ್ಖನಿನ ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ರಬಕವಿ ಮತ್ತು ಬನಹಟ್ಟಿಯ ನಡುವಿನ ಗಡಿ ಅಳಿಸಿದ್ದು ಆಗಲೇ. ಜಮಖಂಡಿ ಮತ್ತು ಮುಧೋಳ ಬಿಜಾಪುರ ಜಿಲ್ಲೆಗೂ, ರಾಮದುರ್ಗ ಬೆಳಗಾವಿ ಜಿಲ್ಲೆಗೂ ಸೇರಿದವು.

ಆದರೆ 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗಲೂ ಕನ್ನಡಿಗರು ಒಂದೇ ರಾಜ್ಯದಲ್ಲಿರಲಿಲ್ಲ. ನಮ್ಮ ಜಿಲ್ಲೆಗಳು ರಾಜ್ಯಪಾಲರಿದ್ದ ‘ಎ’ ವರ್ಗದ ಮುಂಬಯಿ ರಾಜ್ಯದಲ್ಲಿದ್ದವು. ಮೈಸೂರು ಮತ್ತು ಹೈದರಾಬಾದ್ ರಾಜಪ್ರಮುಖರಿದ್ದ (ಅಂದರೆ ಹಿಂದಿನ ಅರಸರೇ ರಾಜ್ಯಪಾಲರ ಸ್ಥಾನದಲ್ಲಿದ್ದ) ‘ಬಿ’ ವರ್ಗದ ರಾಜ್ಯಗಳು. ಕೊಡಗು ಕೇಂದ್ರದ ಹತೋಟಿಯಲ್ಲಿದ್ದ ‘ಸಿ’ ವರ್ಗದ ರಾಜ್ಯ. ಮಂಗಳೂರು, ಬಳ್ಳಾರಿಗಳು ಮದ್ರಾಸಿನಲ್ಲಿದ್ದವು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದುದರಿಂದ ಭಾಷಾವಾರು ರಾಜ್ಯಗಳನ್ನು ಮಾಡಿದರೆ ದೇಶ ಒಡೆದೀತೆಂಬ ಅಂಜಿಕೆ ಹಿರಿಯ ನಾಯಕರಿಗಿತ್ತು. ತೆಲುಗು ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಆ ಪ್ರಶ್ನೆಯನ್ನು ಮುಂದೂಡುವುದು ಸಾಧ್ಯವಾಗಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರಲ್ಲಿ ಬಂದ ಅದರ ವರದಿಯನ್ನು ಬಹುಮಟ್ಟಿಗೆ ಅನುಸರಿಸಿ ಸಂಸತ್ತು 1956ರಲ್ಲಿ ರಾಜ್ಯ ಪುನರ್ವಿಂಗಡಣಾ ಕಾಯಿದೆಯನ್ನು ಅಂಗೀಕರಿಸಿತು. ಆ ವರ್ಷದ ನವೆಂಬರ್ 1ರಂದು ದೇಶದಲ್ಲಿ 14 ರಾಜ್ಯಗಳು ಮತ್ತು 6 ಕೇಂದ್ರಾಡಳಿತ ಪ್ರದೇಶಗಳು ಅಸ್ತಿತ್ವಕ್ಕೆ ಬಂದವು.

ಈ ಕಾಯಿದೆಯ 7ನೆಯ ಕಲಮನ್ನು ಶಾಲೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಬೇಕು. ಹೊಸ ಮೈಸೂರು ರಾಜ್ಯದಲ್ಲಿ ಯಾವ ಪ್ರದೇಶಗಳಿರುತ್ತವೆ ಎಂದು ಹೇಳುವಾಗ ಅದು ಮುಂಬಯಿ ರಾಜ್ಯದ ಬಿಜಾಪುರ, ಧಾರವಾಡ ಮತ್ತು ಕೆನರಾ ಜಿಲ್ಲೆಗಳನ್ನು ಇಡಿಯಾಗಿ ಹೆಸರಿಸುತ್ತದೆ. ಬೆಳಗಾವಿ ಜಿಲ್ಲೆಯನ್ನು ಮಾತ್ರ ‘ಚಂದಗಡ ತಾಲ್ಲೂಕನ್ನು ಬಿಟ್ಟು’ ಎಂದು ಹೆಸರಿಸುತ್ತದೆ. ಆ ಸಣ್ಣ ಪದಗುಚ್ಛದಿಂದಲೇ ಚಂದಗಡ ಇಂದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿದೆ. ಗಡಿ ಎಂದರೆ ಬೆಟ್ಟವೋ ಹೊಳೆಯೋ ಎಂದು ಭಾವಿಸುವ ಮಕ್ಕಳಿಗೆ, ಒಂದು ಕಲಮಿನ ಮೂರು ಪದಗಳು ಒಂದು ತಾಲ್ಲೂಕಿನ ಜನರ ಶಾಲೆ, ಕಚೇರಿ, ನ್ಯಾಯಾಲಯಗಳೆಲ್ಲವನ್ನೂ ಬದಲಿಸಬಲ್ಲವು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸಂಸತ್ತಿಗೆ ಈ ಅಧಿಕಾರ ಬಂದದ್ದು ಸಂವಿಧಾನದ 3ನೆಯ ವಿಧಿಯಿಂದ. ಒಂದು ರಾಜ್ಯವನ್ನು ಒಡೆದು ಇನ್ನೊಂದನ್ನು ಮಾಡುವುದು, ಎರಡನ್ನು ಕೂಡಿಸುವುದು, ವಿಸ್ತೀರ್ಣವನ್ನು ಹೆಚ್ಚಿಸುವುದು ಅಥವಾ ತಗ್ಗಿಸುವುದು, ಗಡಿಯನ್ನು ಬದಲಿಸುವುದು, ಹೆಸರನ್ನು ಬದಲಿಸುವುದು ಇವೆಲ್ಲವನ್ನೂ ಸಂಸತ್ತು ಕಾನೂನಿನ ಮೂಲಕ ಮಾಡಬಹುದು. ಅಂಥ ಮಸೂದೆಯನ್ನು ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಮಂಡಿಸುವಂತಿಲ್ಲ. ಅದು ಯಾವ ರಾಜ್ಯದ ವಿಸ್ತೀರ್ಣ, ಗಡಿ ಅಥವಾ ಹೆಸರನ್ನು ಮುಟ್ಟುತ್ತದೆಯೋ ಆ ರಾಜ್ಯದ ವಿಧಾನಮಂಡಲಕ್ಕೆ ರಾಷ್ಟ್ರಪತಿಗಳು ಮಸೂದೆಯನ್ನು ಮೊದಲು ಕಳಿಸಿ, ಇಂತಿಷ್ಟು ದಿನದೊಳಗೆ ಅಭಿಪ್ರಾಯ ತಿಳಿಸಬೇಕೆಂದು ಕೇಳಬೇಕು. ಅಲ್ಲಿ ಕೇಳುವುದು ಅಭಿಪ್ರಾಯವನ್ನೇ ಹೊರತು ಒಪ್ಪಿಗೆಯನ್ನಲ್ಲ. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ತೆಲಂಗಾಣ ಮಸೂದೆಯನ್ನು ತಿರಸ್ಕರಿಸಿತ್ತು. ಮರು ತಿಂಗಳೇ ಸಂಸತ್ತು ಅದನ್ನು ಅಂಗೀಕರಿಸಿತು, ಮತ್ತು ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. ಇನ್ನು, 4ನೆಯ ವಿಧಿಯ ಪ್ರಕಾರ ಇಂಥ ಕಾನೂನನ್ನು ಸಂವಿಧಾನದ ತಿದ್ದುಪಡಿ ಎಂದು ಎಣಿಸುವುದಿಲ್ಲ. ಆದ್ದರಿಂದ ಸಾಮಾನ್ಯ ಕಾನೂನಿಗೆ ಸಾಕಾಗುವ ಸರಳ ಬಹುಮತವೇ ಇದಕ್ಕೂ ಸಾಕು.

1956ರ ಕಾಯಿದೆಯೇ ಈ ವಿಧಿಯ ಮೊದಲ ದೊಡ್ಡ ಪರೀಕ್ಷೆಯಾಯಿತು. ಮೂಲ ಮಸೂದೆಯಲ್ಲಿ ಮಹಾರಾಷ್ಟ್ರ, ಗುಜರಾತ್ ಮತ್ತು ಪ್ರತ್ಯೇಕ ಮುಂಬಯಿ ನಗರ ಎಂದಿತ್ತು. ಚರ್ಚೆಯ ನಡುವೆ ಸಂಸತ್ತು ಮನಸ್ಸು ಬದಲಿಸಿ ಒಂದೇ ದೊಡ್ಡ ದ್ವಿಭಾಷಾ ಮುಂಬಯಿ ರಾಜ್ಯವನ್ನು ಮಾಡಿತು. ಬದಲಾದ ರೂಪದ ಬಗ್ಗೆ ವಿಧಾನಮಂಡಲವನ್ನು ಮತ್ತೆ ಕೇಳಲಿಲ್ಲವೆಂಬ ತಕರಾರು ಸುಪ್ರೀಂ ಕೋರ್ಟಿಗೆ ಹೋದಾಗ, ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ನ್ಯಾಯಾಲಯವು ಪ್ರತಿ ತಿದ್ದುಪಡಿಗೂ ಹಾಗೆ ಮತ್ತೆ ಮತ್ತೆ ಕೇಳಬೇಕಾಗಿಲ್ಲವೆಂದು 1959ರಲ್ಲಿ ತೀರ್ಪು ಕೊಟ್ಟಿತು. ಆದರೆ ದೇಶದ ನೆಲವನ್ನೇ ಪರದೇಶಕ್ಕೆ ಬಿಟ್ಟುಕೊಡಬೇಕಾದರೆ 3ನೆಯ ವಿಧಿ ಸಾಲದು, ಸಂವಿಧಾನಕ್ಕೇ ತಿದ್ದುಪಡಿ ಬೇಕು ಎಂದು ಬೇರುಬಾರಿ ಪ್ರಕರಣದಲ್ಲಿ 1960ರಲ್ಲಿ ಹೇಳಿತು. ರಾಜ್ಯಗಳ ಗಡಿಯನ್ನು ಸುಲಭವಾಗಿಯೂ ದೇಶದ ಗಡಿಯನ್ನು ಕಷ್ಟಪಟ್ಟೂ ಬದಲಿಸುವಂತೆ ಇಟ್ಟಿರುವುದರಲ್ಲಿ ವಿವೇಕವಿದೆ. 1950ರ ಗಡಿಗಳಲ್ಲಿ ಅನೇಕವು ಯುದ್ಧ ಮತ್ತು ಮನೆತನದ ಪಾಲುಗಳಿಂದ ಉಳಿದುಬಂದಂಥವು. ಒಂದೊಂದು ರಾಜ್ಯದ ಒಪ್ಪಿಗೆಗೂ ಕಾದಿದ್ದರೆ ಕರ್ನಾಟಕವೇ ಆಗುತ್ತಿತ್ತೋ ಇಲ್ಲವೋ. ಆದರೂ ರಾಜ್ಯದ ವಿಧಾನಮಂಡಲದ ಮಾತಿಗೆ ಇನ್ನಷ್ಟು ತೂಕ ಇರಬೇಕಿತ್ತೆಂಬ ವಾದವೂ ಬಲವಾದದ್ದೇ, ತರಗತಿಯಲ್ಲಿ ಎರಡನ್ನೂ ಚರ್ಚಿಸಬೇಕು.

ಗಡಿಯ ಬಗ್ಗೆ ರಾಜ್ಯಗಳಿಗೆ ಅಸಮಾಧಾನವಿದ್ದರೆ ಏನು ಮಾಡಬಹುದು ಎಂಬುದಕ್ಕೂ ಬೆಳಗಾವಿಯೇ ಉದಾಹರಣೆ. ಮಹಾರಾಷ್ಟ್ರವು ಬೆಳಗಾವಿ ಮತ್ತು ಇತರ ಕೆಲವು ಪ್ರದೇಶಗಳು ತನಗೆ ಸೇರಬೇಕೆಂದು ಕೇಳುತ್ತ ಬಂದಿತು. ಕೇಂದ್ರ ಸರ್ಕಾರ 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ್ ಮಹಾಜನ್ ಅವರ ಆಯೋಗವನ್ನು ನೇಮಿಸಿತು. 1967ರ ವರದಿಯಲ್ಲಿ ಆಯೋಗವು ಎರಡೂ ಕಡೆಯ ಕೆಲವು ಹಳ್ಳಿಗಳನ್ನು ಅದಲುಬದಲು ಮಾಡುವ ಸಲಹೆ ನೀಡಿ, ಬೆಳಗಾವಿ ನಗರ ಕರ್ನಾಟಕದಲ್ಲೇ ಇರಬೇಕೆಂದಿತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ರಾಜ್ಯ–ರಾಜ್ಯಗಳ ನಡುವಿನ ವಿವಾದವನ್ನು ನೇರವಾಗಿ ಸುಪ್ರೀಂ ಕೋರ್ಟೇ ಕೇಳಬೇಕೆಂದು ಸಂವಿಧಾನದ 131ನೆಯ ವಿಧಿ ಹೇಳುತ್ತದೆ. ಗಡಿ ಬದಲಿಸುವುದು ಸಂಸತ್ತಿನ ಕೆಲಸವೇ ಹೊರತು ನ್ಯಾಯಾಲಯದ್ದಲ್ಲ ಎಂಬುದು ಕರ್ನಾಟಕದ ವಾದ. 1824ರ ಕಿತ್ತೂರಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಿ: ಇಲ್ಲಿ ಇಬ್ಬರಿಗೂ ವಕೀಲರಿದ್ದಾರೆ, ಇಬ್ಬರಿಗೂ ಹೊರತಾದ ನ್ಯಾಯಪೀಠವಿದೆ, ಎರಡೂ ಕಡೆ ತೋರಿಸುವುದು ಒಂದೇ ಸಂವಿಧಾನವನ್ನು.

ಹೆಸರಿನ ವಿಷಯದಲ್ಲಿ ಎರಡು ಬೇರೆ ದಾರಿಗಳಿವೆ. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂದಾಗ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದರು. ಆದರೆ ರಾಜ್ಯದ ಹೆಸರು 3ನೆಯ ವಿಧಿಗೆ ಸೇರಿದ್ದರಿಂದ ಅದಕ್ಕೆ ಸಂಸತ್ತಿನ ಕಾಯಿದೆಯೇ ಬೇಕಾಯಿತು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾದಾಗ, ಬಿಜಾಪುರ ವಿಜಯಪುರವಾದಾಗ ಸಂಸತ್ತಿನಲ್ಲಿ ಮತದಾನ ನಡೆಯಲಿಲ್ಲ. ಕೇಂದ್ರ ಗೃಹ ಸಚಿವಾಲಯದ ಸಮ್ಮತಿ ಪಡೆದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು, ಅಷ್ಟೇ.

ಜಿಲ್ಲೆಯ ಗಡಿಯಂತೂ ಪೂರ್ತಿಯಾಗಿ ರಾಜ್ಯದ ಕೈಯಲ್ಲಿದೆ, ಏಕೆಂದರೆ ಭೂಕಂದಾಯ ಮತ್ತು ಸ್ಥಳೀಯ ಆಡಳಿತ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ, ಅಂದರೆ ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿಯಲ್ಲಿ, ಇವೆ. 1997ರ ಆಗಸ್ಟ್ 15ರಂದು ಬಿಜಾಪುರದಿಂದ ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು ರಾಜ್ಯ ಸರ್ಕಾರದ ತೀರ್ಮಾನದಿಂದ. ಇದಕ್ಕೆ ಬೇಕಾದ ಅಧಿಕಾರ 1964ರ ಕರ್ನಾಟಕ ಭೂಕಂದಾಯ ಕಾಯಿದೆಯಲ್ಲಿದೆ. ಹೊಸ ಜಿಲ್ಲೆಗೆ ಬಾದಾಮಿ, ಬಾಗಲಕೋಟೆ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ ಎಂಬ ಆರು ತಾಲ್ಲೂಕುಗಳು ಬಂದವು. ಇಳಕಲ್ಲು, ಗುಳೇದಗುಡ್ಡ, ರಬಕವಿ–ಬನಹಟ್ಟಿ ಮುಂತಾದವು ತಾಲ್ಲೂಕುಗಳಾದದ್ದು ಆಮೇಲೆ. ಬ್ರಿಟಿಷರ ಕಾಲದಲ್ಲಿ ಇಡೀ ಜಿಲ್ಲೆಯ ಕೇಂದ್ರ ಕಲಾದಗಿಯಾಗಿತ್ತು. ಅದನ್ನು 1885ರಲ್ಲಿ ಬಿಜಾಪುರಕ್ಕೆ ಸ್ಥಳಾಂತರಿಸಿದಾಗ ಕಲಾದಗಿಯವರು ಮತ ಹಾಕಿ ಪ್ರಶ್ನಿಸಬಹುದಾದ ಸರ್ಕಾರ ಇರಲಿಲ್ಲ. ಇಂದು ಚಿಕ್ಕೋಡಿ ಮತ್ತು ಗೋಕಾಕ ಪ್ರತ್ಯೇಕ ಜಿಲ್ಲೆಗಳಾಗಬೇಕೆಂಬ ಬೇಡಿಕೆಯನ್ನು ಅಲ್ಲಿಯವರು ತಮ್ಮ ಶಾಸಕರ ಮುಂದೆ, ಸಚಿವರ ಮುಂದೆ ಇಡುತ್ತಾರೆ. ಆ ಬೇಡಿಕೆ ದೆಹಲಿಗೆ ಹೋಗಬೇಕಾಗಿಲ್ಲ. ಶಾಸನಸಭೆಯನ್ನು ತಾವು ಸೂಕ್ತವೆಂದು ತಿಳಿದ ಕಾಲದಲ್ಲಿ ಮತ್ತು ಸ್ಥಳದಲ್ಲಿ ಕರೆಯುವ ಅಧಿಕಾರವನ್ನು 174ನೆಯ ವಿಧಿ ರಾಜ್ಯಪಾಲರಿಗೆ ಕೊಟ್ಟಿರುವುದರಿಂದ, ಅಧಿವೇಶನ ಬೆಂಗಳೂರಿನಲ್ಲೇ ನಡೆಯಬೇಕೆಂಬ ನಿಯಮವೂ ಇಲ್ಲ. 2006ರಲ್ಲಿ ಅದು ಮೊದಲ ಬಾರಿಗೆ ಬೆಳಗಾವಿಯಲ್ಲಿ ಸೇರಿತು, 2012ರ ಅಕ್ಟೋಬರಿನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಅಲ್ಲಿಯೇ ಸೇರುತ್ತಿದೆ. ಜಿಲ್ಲಾ ವಿಭಜನೆಯ ಬೇಡಿಕೆ ಹೊತ್ತವರು ಆ ದಿನಗಳಲ್ಲಿ ಮನವಿ ಪತ್ರ ಹಿಡಿದು ಅದರ ಎದುರಿಗೇ ಬಂದು ಕೂಡುತ್ತಾರೆ.